ಬರಹದಲ್ಲಿಲ್ಲದ ತಡೆ

ಸಾಂಕ್ರಾಮಿಕದ ಕಾಲದಲ್ಲಿ ಒಂದು ಸರ್ಕಾರ ಲಸಿಕೆಯ ರಫ್ತು ನಿಲ್ಲಿಸಿದರೆ ಚರ್ಚೆ ತಕ್ಷಣ ನ್ಯಾಯ-ಅನ್ಯಾಯದ ಕಡೆ ಹೊರಳುತ್ತದೆ: ಮೊದಲು ನಮ್ಮವರು, ಆಮೇಲೆ ನೆರೆಯವರು ಎಂಬುದು ಸರಿಯೇ? ಅಧಿಕಾರದಲ್ಲಿರುವವರು ಈ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತ ಬಂದಿದ್ದಾರೆ. ಅವರನ್ನು ಆರಿಸುವವರು ಗಡಿಯ ಒಳಗಿನವರಾದ್ದರಿಂದ ಮುಂದೆಯೂ ಅದನ್ನೇ ಕೊಡುತ್ತಾರೆ. ಬದಲಾಗುತ್ತ ಬಂದಿರುವುದು ತಡೆಯುವ ವಿಧಾನ. ಆದೇಶ ಹೊರಡಿಸಿ ತಡೆದ ಸರ್ಕಾರಗಳಿವೆ, ಏನನ್ನೂ ಬರೆಯದೆ ತಡೆದವೂ ಇವೆ. ನೆರೆಯ ದೇಶದ ಜನರಿಗೆ ಹೆಚ್ಚು ಪೆಟ್ಟು ಬಿದ್ದಿರುವುದು ಎರಡನೆಯ ಬಗೆಯಿಂದ ಎಂಬುದು ನನ್ನ ವಾದ.

2009ರ ಎಚ್1ಎನ್1 ಜ್ವರದ ಹೊತ್ತಿಗೆ ವಿಷಯ ಇನ್ನೂ ಸರಳವಾಗಿತ್ತು. ಅಮೆರಿಕದ ಬೇಡಿಕೆಗಿಂತ ಮೊದಲು ದೇಶದ ಅಗತ್ಯ ಪೂರೈಸಬೇಕೆಂದು ಆಸ್ಟ್ರೇಲಿಯಾ ತನ್ನ ನೆಲದ ಸಿಎಸ್‌ಎಲ್ ಕಂಪನಿಗೆ ತಿಳಿಸಿತು. ತನ್ನ ಲಸಿಕೆಯಲ್ಲಿ ಶೇ 10ರಷ್ಟನ್ನು ಬಡ ದೇಶಗಳಿಗೆ ಕೊಡುವುದಾಗಿ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದ ಅಮೆರಿಕ, ತನ್ನಲ್ಲೇ ಕೊರತೆ ಕಂಡಾಗ ಮೊದಲು ಸ್ವಂತ ಜನ ಎಂದು ಮಾತು ಬದಲಿಸಿತು. ಅದಕ್ಕೂ ಮುಂಚೆ, ತಾನು ಕೊಟ್ಟ ವೈರಾಣುವಿನಿಂದ ತಯಾರಾದ ಲಸಿಕೆ ತನಗೇ ಸಿಗುವುದಿಲ್ಲ ಎಂದು ಇಂಡೋನೇಷ್ಯಾ ಹಕ್ಕಿಜ್ವರದ ಮಾದರಿಗಳನ್ನು ಹಂಚಿಕೊಳ್ಳುವುದನ್ನೇ ನಿಲ್ಲಿಸಿತ್ತು. ಆ ಪ್ರತಿಭಟನೆಯಿಂದ 2011ರಲ್ಲಿ ಒಂದು ಅಂತರರಾಷ್ಟ್ರೀಯ ಚೌಕಟ್ಟು ಹುಟ್ಟಿತಾದರೂ ಅದು ಫ್ಲೂ ವೈರಾಣುಗಳಿಗಷ್ಟೇ ಸೀಮಿತ. ವ್ಯಾಪಾರ ಕಾನೂನಿನಲ್ಲಿ ಗ್ಯಾಟ್ ಒಪ್ಪಂದದ 11ನೇ ವಿಧಿಯೊಂದಿತ್ತು. ಅಗತ್ಯ ವಸ್ತುವಿಗೆ ತೀವ್ರ ಕೊರತೆ ಬಂದಾಗ ತಾತ್ಕಾಲಿಕವಾಗಿ ರಫ್ತು ತಡೆಯಬಹುದು ಎನ್ನುತ್ತದೆ ಅದು. ತಾತ್ಕಾಲಿಕ ಎಂದರೆ ಎಷ್ಟು ದಿನ ಎಂದು ಹೇಳುವುದಿಲ್ಲ.

ಕೋವಿಡ್ ಬಂದಾಗ ತಡೆ ಕಸ್ಟಮ್ಸ್ ಕಟ್ಟೆಯಿಂದ ಖರೀದಿ ಒಪ್ಪಂದದ ಪುಟಗಳಿಗೆ ಸರಿಯಿತು. ಆಸ್ಟ್ರಾಜೆನೆಕಾ ಜೊತೆ ಐರೋಪ್ಯ ಒಕ್ಕೂಟ ಸಹಿ ಮಾಡಿದ್ದು 2020ರ ಆಗಸ್ಟ್ ಕೊನೆಯಲ್ಲಿ. 30 ಕೋಟಿ ಡೋಸ್ ಖಚಿತ, ಬೇಕಾದರೆ ಇನ್ನೂ 10 ಕೋಟಿ. 2021ರ ಜನವರಿಯಲ್ಲಿ ಕಂಪನಿ ಪೂರೈಕೆ ಬಹಳ ಕಡಿಮೆಯಾಗಲಿದೆ ಎಂದಿತು. ಬ್ರಿಟನ್ನಿನ ಘಟಕಗಳಲ್ಲಿ ತಯಾರಾಗುವ ಲಸಿಕೆ ಮೊದಲು ಬ್ರಿಟನ್ನಿಗೇ ಎಂದೂ ಅದರ ಮುಖ್ಯಸ್ಥ ಪಾಸ್ಕಲ್ ಸೊರಿಯೊ ಸಮರ್ಥಿಸಿಕೊಂಡರು. ಬ್ರಿಟನ್ ಯಾವ ನಿಷೇಧವನ್ನೂ ಹೊರಡಿಸಿರಲಿಲ್ಲ, ಹೊರಡಿಸುವ ಅಗತ್ಯವೂ ಇರಲಿಲ್ಲ. ಕಂಪನಿಯೊಂದಿಗೆ ಅದು ಮಾಡಿಕೊಂಡಿದ್ದ ಕರಾರೇ ಆ ಕೆಲಸ ಮಾಡಿತ್ತು. ಮಾರ್ಚ್‌ನಲ್ಲಿ ಒಕ್ಕೂಟದ ಪರಿಷತ್ತಿನ ಅಧ್ಯಕ್ಷ ಚಾರ್ಲ್ಸ್ ಮೀಶೆಲ್ ಬ್ರಿಟನ್ ಸಂಪೂರ್ಣ ನಿಷೇಧ ಹೇರಿದೆ ಎಂದು ಬರೆದಾಗ ಲಂಡನ್ ಸಿಟ್ಟಿನಿಂದ ಅಲ್ಲಗಳೆಯಿತು. ಕಾಗದದ ಮೇಲೆ ಲಂಡನ್ ಹೇಳಿದ್ದು ನಿಜ. ಆದರೆ ಬ್ರಸೆಲ್ಸ್ ನೋಡುತ್ತಿದ್ದದ್ದು ಕಾಗದವನ್ನಲ್ಲ: ಹಿಂದಿನ ಸುಮಾರು ಆರು ವಾರಗಳಲ್ಲಿ ತನ್ನ ನೆಲದಿಂದ ಬ್ರಿಟನ್ನಿಗೆ ಒಂದು ಕೋಟಿಗೂ ಹೆಚ್ಚು ಡೋಸ್ ಹೋಗಿದ್ದವು, ಅತ್ತಣಿಂದ ಸಿದ್ಧ ಲಸಿಕೆ ಬರುತ್ತಿರಲಿಲ್ಲ.

ಒಕ್ಕೂಟ ಹಿಡಿದದ್ದು ಬಹಿರಂಗ ದಾರಿ. ಜನವರಿ 29ರಂದು ರಫ್ತಿಗೆ ಮುಂಚಿತ ಅನುಮತಿ ಕಡ್ಡಾಯ ಮಾಡುವ ನಿಯಮ ಪ್ರಕಟವಾಯಿತು. ಕೊನೆಯ ದಿನಾಂಕ ಅದರಲ್ಲೇ ಇತ್ತು, ಬಡ ದೇಶಗಳಿಗೆ ವಿನಾಯಿತಿಯೂ ಇತ್ತು. ಅದೇ ಸಂಜೆ ಐರೋಪ್ಯ ಆಯೋಗ ದೊಡ್ಡದೊಂದು ಎಡವಟ್ಟು ಮಾಡಿತು. ಉತ್ತರ ಐರ್ಲೆಂಡ್ ಮೂಲಕ ಲಸಿಕೆ ಜಾರಿಹೋಗದಿರಲೆಂದು ಬ್ರೆಕ್ಸಿಟ್ ಒಪ್ಪಂದದ ಉತ್ತರ ಐರ್ಲೆಂಡ್ ಪ್ರೋಟೊಕಾಲ್‌ನ 16ನೇ ವಿಧಿಯನ್ನು ಪ್ರಯೋಗಿಸಲು ಹೊರಟಿತು. ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ನಡುವಿನದು ದಶಕಗಳ ಹಿಂಸೆ ಕೊನೆಗಾಣಲು ತೆರೆದಿಡಬೇಕಾಗಿದ್ದ ಗಡಿ, ಅದನ್ನು ಮುಚ್ಚುವ ಮಾತನ್ನು ಡಬ್ಲಿನ್ ಸರ್ಕಾರವನ್ನೂ ಕೇಳದೆ ಎತ್ತಲಾಗಿತ್ತು. ಡಬ್ಲಿನ್, ಲಂಡನ್, ಬೆಲ್‌ಫಾಸ್ಟ್ ಮೂರೂ ಕಡೆ ಕೋಪ ಎದ್ದಿತು. ಮಧ್ಯರಾತ್ರಿಯೊಳಗೆ ಆಯೋಗ ಹಿಂದೆಗೆಯಿತು. ಬರೆದು ಹೊರಡಿಸಿದರೆ ಜಗಳ ಬೆಳೆಯುತ್ತದೆ, ಮೌನವಾಗಿ ನಿಭಾಯಿಸುವುದೇ ರಾಜತಾಂತ್ರಿಕ ಜಾಣ್ಮೆ ಎನ್ನುವವರು ಈ ರಾತ್ರಿಯನ್ನೇ ಉದಾಹರಿಸುತ್ತಾರೆ. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ತಪ್ಪು ಕರಡಿನಲ್ಲಿ ಎಲ್ಲರ ಕಣ್ಣಿಗೂ ಬಿದ್ದಿದ್ದರಿಂದಲೇ ಕೆಲವೇ ಗಂಟೆಗಳಲ್ಲಿ ತಿದ್ದಲು ಸಾಧ್ಯವಾಯಿತು. ಮಾರ್ಚ್ 4ರಂದು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಸುಮಾರು ಎರಡೂವರೆ ಲಕ್ಷ ಡೋಸ್‌ಗಳನ್ನು ಇಟಲಿ ತಡೆದಾಗಲೂ ಕಾರಣ ಬಹಿರಂಗವಾಗಿತ್ತು: ಕಂಪನಿಯಿಂದ ಒಕ್ಕೂಟಕ್ಕೆ ಬರಬೇಕಾದದ್ದು ಬಂದಿಲ್ಲ, ಆಸ್ಟ್ರೇಲಿಯಾದಲ್ಲಿ ಸೋಂಕು ತೀವ್ರವಾಗಿಲ್ಲ. ಆಸ್ಟ್ರೇಲಿಯಾ ಒಪ್ಪಲಿಲ್ಲ, ಆದರೆ ಯಾವ ಆಧಾರದ ಮೇಲೆ ವಾದಿಸಬೇಕೆಂಬುದು ಅದಕ್ಕೆ ಗೊತ್ತಿತ್ತು.

ದಕ್ಷಿಣ ಏಷ್ಯಾದಲ್ಲಿ ನಡೆದದ್ದೇ ಬೇರೆ. ಭಾರತ 2021ರ ಜನವರಿ 20ರಂದು ಭೂತಾನ್ ಮತ್ತು ಮಾಲ್ಡೀವ್ಸ್‌ಗೆ ಲಸಿಕೆ ಕಳಿಸುತ್ತ 'ವ್ಯಾಕ್ಸಿನ್ ಮೈತ್ರಿ' ಆರಂಭಿಸಿತು. ಅಷ್ಟು ಬೇಗ, ಅಷ್ಟು ಉದಾರವಾಗಿ ನೆರೆಯವರಿಗೆ ಕೊಟ್ಟ ಇನ್ನೊಂದು ದೊಡ್ಡ ಉತ್ಪಾದಕ ದೇಶವನ್ನು ಹೆಸರಿಸುವುದು ಕಷ್ಟ. ಬಾಂಗ್ಲಾದೇಶ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಜೊತೆ 3 ಕೋಟಿ ಡೋಸ್‌ಗೆ, ತಿಂಗಳಿಗೆ 50 ಲಕ್ಷದಂತೆ ಒಪ್ಪಂದ ಮಾಡಿಕೊಂಡು ಮುಂಗಡ ಹಣ ಕೊಟ್ಟಿತ್ತು. ಜನವರಿಯಲ್ಲಿ 50 ಲಕ್ಷ ಬಂತು, ಫೆಬ್ರುವರಿಯಲ್ಲಿ 20 ಲಕ್ಷ, ಆಮೇಲೆ ನಿಂತುಹೋಯಿತು. ನೇಪಾಳ ಖರೀದಿಸಿದ್ದ 20 ಲಕ್ಷದಲ್ಲಿ ಅರ್ಧ ಮಾತ್ರ ತಲುಪಿತು. ಮಾರ್ಚ್ ಕೊನೆಗೆ ಪೂರೈಕೆ ಬತ್ತುತ್ತಿದ್ದರೂ ರಫ್ತಿನ ಮೇಲೆ ನಿಷೇಧವಿಲ್ಲ ಎಂದೇ ವಿದೇಶಾಂಗ ಇಲಾಖೆ ಹೇಳಿತು. ಆದೇಶವೇ ಇಲ್ಲದ ಮೇಲೆ ತಡೆ ಎಂದು ಮುಗಿಯುತ್ತದೆಂದು ಢಾಕಾ ಯಾರನ್ನು ಕೇಳಬೇಕು? ನಾಳೆ ಬರಬಹುದೆಂಬ ನಂಬಿಕೆಯಲ್ಲಿ ಮೊದಲ ಡೋಸ್ ಹಾಕುತ್ತ ಹೋಗಿ, ಏಪ್ರಿಲ್ 26ರಂದು ಅದನ್ನು ನಿಲ್ಲಿಸುವ ಹೊತ್ತಿಗೆ ಎರಡನೇ ಡೋಸ್‌ಗೆ ದಾರಿ ಕಾಣದ ಹತ್ತು ಲಕ್ಷಕ್ಕೂ ಹೆಚ್ಚು ಜನ ಉಳಿದಿದ್ದರು. ನೇಪಾಳದಲ್ಲಿ 65 ದಾಟಿದ ಹಿರಿಯರು ಆಗಸ್ಟ್‌ನಲ್ಲಿ ಜಪಾನ್ ಕೊಟ್ಟ ಲಸಿಕೆ ಬರುವವರೆಗೂ ಕಾದರು. ಭಾರತದ ಐದೂವರೆ ಲಕ್ಷ ಡೋಸ್‌ಗಳಿಂದ ಮಾರ್ಚ್-ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಅರ್ಹ ವಯಸ್ಕರಲ್ಲಿ ಬಹುಪಾಲು ಜನರಿಗೆ ಲಸಿಕೆ ಹಾಕಿ ಮುಗಿಸಿದ್ದ ಭೂತಾನ್, ಎರಡನೇ ಸುತ್ತಿಗೆ ಜುಲೈನಲ್ಲಿ ಅಮೆರಿಕ, ಡೆನ್ಮಾರ್ಕ್ ಮುಂತಾದ ದೇಶಗಳ ಕಡೆ ನೋಡಬೇಕಾಯಿತು.

ಇದಕ್ಕೆ ಬರುವ ಆಕ್ಷೇಪಣೆ ಗಂಭೀರವಾದದ್ದು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮದೇ ಊರುಗಳಲ್ಲಿ ಆಮ್ಲಜನಕವಿಲ್ಲದೆ ಜನ ಸಾಯುತ್ತಿದ್ದಾಗ ಹೊರದೇಶಕ್ಕೆ ಲಸಿಕೆ ಕಳಿಸಲು ಯಾವ ಸರ್ಕಾರಕ್ಕೆ ಸಾಧ್ಯವಿತ್ತು? ಪೂರ್ಣ ಪ್ರಮಾಣದಲ್ಲಿ ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ಅಮೆರಿಕದಿಂದ ಕಚ್ಚಾ ಸಾಮಗ್ರಿ ಬರುತ್ತಿಲ್ಲವೆಂದು ಸೀರಂನ ಮುಖ್ಯಸ್ಥ ಅದಾರ್ ಪೂನಾವಾಲಾ ಅಲ್ಲಿನ ಅಧ್ಯಕ್ಷರಿಗೇ ಬಹಿರಂಗವಾಗಿ ಮನವಿ ಮಾಡಿದ್ದನ್ನೂ ಮರೆಯುವಂತಿಲ್ಲ. ಆದರೆ ಕೊರತೆಯ ನಡುವೆಯೂ ಸರದಿ ನಿಗದಿ ಮಾಡಬಹುದು ಎಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 18ರಿಂದ 44 ವಯಸ್ಸಿನವರ ಲಸಿಕೆಯನ್ನು 14ರಿಂದ ನಿಲ್ಲಿಸಿ, ಇದ್ದದ್ದನ್ನು 45 ದಾಟಿದವರ ಎರಡನೇ ಡೋಸ್‌ಗೆ ತಿರುಗಿಸಿತು. ಮೊದಲ ಡೋಸ್ ಕೊಟ್ಟಮೇಲೆ ಎರಡನೆಯದು ಬಾಕಿ ಎಂಬ ಲೆಕ್ಕ ಅದು. ಯುವಜನರಿಗೆ ಬೇಸರವಾಯಿತು, ಆದರೆ ಯಾರು ಕಾಯಬೇಕು, ಯಾತಕ್ಕೆ ಎಂಬುದು ತಿಳಿದಿತ್ತು. ನೇಪಾಳ, ಬಾಂಗ್ಲಾದೇಶಗಳ ಎರಡನೇ ಡೋಸ್ ಬಾಕಿ ಭಾರತದ ಮಾಸಿಕ ಉತ್ಪಾದನೆಯ ಸಣ್ಣ ಪಾಲಷ್ಟೇ ಆಗುತ್ತಿತ್ತು. ಅದೂ ಆಗದಿದ್ದರೆ, ಇಂಥ ದಿನದವರೆಗೆ ಕಳಿಸಲಾಗದು ಎಂಬ ಒಂದು ಪತ್ರ ಮಾರ್ಚ್‌ನಲ್ಲೇ ಹೋಗಿದ್ದರೂ ಢಾಕಾ ಮೊದಲ ಡೋಸ್‌ಗಳನ್ನು ತಡೆಹಿಡಿದು ಎರಡನೆಯದಕ್ಕೆ ಉಳಿಸಿಕೊಳ್ಳುತ್ತಿತ್ತು. ಬದಲಿಗೆ ಅದು ಅವಸರದಲ್ಲಿ ಚೀನಾದ ಸೈನೋಫಾರ್ಮ್ ಕಡೆ ಹೊರಳಿತು. ಅಕ್ಟೋಬರ್‌ನಲ್ಲಿ ಪುಣೆಯಿಂದ ಮತ್ತೆ ಲಸಿಕೆ ಹೊರಟಾಗ ಆ ಮಾರುಕಟ್ಟೆಯ ಜೊತೆ ಒಂದಿಷ್ಟು ವಿಶ್ವಾಸವೂ ಕೈತಪ್ಪಿತ್ತು.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಸಾಂಕ್ರಾಮಿಕ ಒಪ್ಪಂದ, ತುರ್ತು ವ್ಯಾಪಾರ ಕ್ರಮಗಳು ನಿರ್ದಿಷ್ಟವೂ ಮಿತವೂ ಪಾರದರ್ಶಕವೂ ತಾತ್ಕಾಲಿಕವೂ ಆಗಿರಬೇಕೆಂದು ಹೇಳುತ್ತದೆ. ಉತ್ಪಾದನೆಯ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿಯೂ ಅದರಲ್ಲಿದೆ. ವಿವರಗಳನ್ನು ಮಾತ್ರ ಮುಂದಿನ ಅನುಬಂಧಕ್ಕೆ ಬಿಡಲಾಯಿತು. ಪಾರದರ್ಶಕ ಎಂಬ ಮಾತಿಗೆ ನನ್ನ ಪ್ರಕಾರ ಮೂರೇ ಅಂಶ ಸಾಕು: ತಡೆ ಲಿಖಿತ ಆದೇಶದಲ್ಲಿರಬೇಕು, ಮುಗಿಯುವ ಅಥವಾ ಮರುಪರಿಶೀಲನೆಯ ದಿನಾಂಕ ಅದರಲ್ಲಿರಬೇಕು, ಮೊದಲ ಡೋಸ್ ಪಡೆದ ಹೊರದೇಶದವರ ಎರಡನೇ ಡೋಸ್ ತಡೆಯಿಂದ ಹೊರಗಿರಬೇಕು. ಇದಕ್ಕೆ ಜಿನೀವಾದ ಒಮ್ಮತಕ್ಕಾಗಿ ಕಾಯಬೇಕಿಲ್ಲ. ಢಾಕಾ, ಕಠ್ಮಂಡು, ಥಿಂಪುಗಳೊಂದಿಗಿನ ದ್ವಿಪಕ್ಷೀಯ ಒಪ್ಪಂದಗಳಲ್ಲಿ ಭಾರತವೇ ಮೊದಲಾಗಿ ಬರೆದುಕೊಡಬಹುದು, ಅದೂ ಮುಂದಿನ ಸೋಂಕು ಬರುವ ಮೊದಲು.