ಮುಚ್ಚಿದ ಕಾರ್ಖಾನೆಯ ಓಡುವ ಕಾರುಗಳು: ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುವವರಿಗೆ ಮಾಹಿತಿ



ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಚಿಂತೆಯಿಂದ ಒಂದು ವಿಷಯ ಹೇಳಿದರು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅವರ ಮಗ 1972ರ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. "ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ನಲವತ್ತು ವರ್ಷ ದಾಟಿತಂತೆ ಕಾರ್ಯದರ್ಶಿಗಳೇ. ನಾಳೆ ಕೆಟ್ಟು ನಿಂತರೆ ಕೇಳುವವರು ಯಾರು? ದುಡ್ಡು ನೀರಿಗೆ ಹಾಕಿದ ಹಾಗೆ ಅಲ್ಲವೇ?" ಎಂಬುದು ಅವರ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿಕೊಂಡು ನಿವೃತ್ತನಾದ ಗುಮಾಸ್ತ. ಆದರೆ ಹಳೆಯ ಕಾರುಗಳ ವಿಷಯ ಓದುವ ಹವ್ಯಾಸ ಮೊದಲಿನಿಂದಲೂ ಇದೆ. ಸದಸ್ಯರ ಪ್ರಶ್ನೆಗೆ ಅಲ್ಲೇ ನಿಂತು ಅರ್ಧ ಉತ್ತರ ಕೊಡುವ ಬದಲು, ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಯಾವ ಕಾರುಗಳು ಇವು

ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಊರಿನ ಮೋರಿಸ್ ಕಾರು ಮಾರಾಟದ ಅಂಗಡಿಯಿಂದ ಹುಟ್ಟಿದ ಹೆಸರು. ಅಲ್ಲಿ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಸಾಧಾರಣ ಮೋರಿಸ್ ಕಾರಿಗೆ ಹಗುರವಾದ ಬೇರೆ ಬಾಡಿ ಕಟ್ಟಿಸಿ ಮಾರತೊಡಗಿದರು. ಮುಂದೆ ಕಾರ್ಖಾನೆ ಹತ್ತಿರದ ಅಬಿಂಗ್ಡನ್ ಊರಿಗೆ ಹೋಯಿತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಬಂದ ಎಂಜಿ ಟಿಸಿ, 1955ರ ಎಂಜಿಎ, 1962ರ ಎಂಜಿಬಿ ಇವೆಲ್ಲ ಅಲ್ಲಿಂದ ಹೊರಬಂದವು. ಎಂಜಿಬಿ ಒಂದೇ ಹದಿನೆಂಟು ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿತು.

ಕವೆಂಟ್ರಿಯ ಟ್ರಯಂಫ್ ಕಂಪನಿಯವರು 1953ರಿಂದ ಟಿಆರ್ ಸಾಲಿನ ಕಾರುಗಳನ್ನೂ 1962ರಿಂದ ಸ್ಪಿಟ್‌ಫೈರ್ ಎಂಬ ಸಣ್ಣ ಕಾರನ್ನೂ ಮಾಡಿದರು. ಡೊನಾಲ್ಡ್ ಹೀಲಿ ಅವರ ಆಸ್ಟಿನ್-ಹೀಲಿ 1952ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಜಾಗ್ವಾರ್ ಇ-ಟೈಪ್ 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾಯಿತು.

ಜಾಗ್ವಾರ್ ಬಿಟ್ಟರೆ ಇವು ರಾಜಮಹಾರಾಜರ ಕಾರುಗಳಲ್ಲ. ಮನೆಬಳಕೆಯ ಕಾರಿನ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ತೆಗೆದುಕೊಂಡು ಎರಡು ಆಸನದ ತೆರೆದ ಬಾಡಿ ಹೊದಿಸಿದ ಕಾರುಗಳು. ಅದಕ್ಕೇ ಸಂಬಳದಾರನ ಕೈಗೂ ಎಟುಕಿದವು. ಅದಕ್ಕೇ ಮನೆಯಂಗಳದಲ್ಲಿ ಪಾನಾ ಹಿಡಿದು ರಿಪೇರಿ ಮಾಡಿಕೊಳ್ಳಲೂ ಬಂದವು. ಇವತ್ತಿನವರೆಗೆ ಉಳಿದಿರುವುದಕ್ಕೆ ಅದೇ ಮೊದಲ ಕಾರಣ.

ಅಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ಪಿಟ್‌ಫೈರ್ ಕೂಡ ಅದೇ ವರ್ಷ ನಿಂತಿತು.

ನಮ್ಮ ಕಡೆಯ ನಂಟು

ಇದು ಯಾರದೋ ದೇಶದ ಕಥೆ ಎಂದುಕೊಳ್ಳಬೇಡಿ. ನಮ್ಮ ಅಂಬಾಸಡರ್ ಕಾರು ಮೋರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯ ರೂಪ. ಅದರಲ್ಲಿ ಬಹುಕಾಲ ಇದ್ದ 1489 ಸಿಸಿ ಎಂಜಿನ್ ಬಿ-ಸೀರೀಸ್ ವಂಶದ್ದು. 1955ರ ಎಂಜಿಎ ಕಾರಿನಲ್ಲಿದ್ದದ್ದೂ ಅದೇ ವಂಶದ 1489 ಸಿಸಿ ಎಂಜಿನ್. ಎಂಜಿಬಿಯ 1798 ಸಿಸಿ ಎಂಜಿನ್ ಆ ಮನೆತನದ ದೊಡ್ಡಣ್ಣ.

ಹಾಗೆಯೇ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು 1961ರಿಂದ ಮಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಸ್ಪಿಟ್‌ಫೈರ್ ಕಾರಿನ ಚಾಸಿಸ್ ಹುಟ್ಟಿದ್ದು ಈ ಹೆರಾಲ್ಡಿನ ಚಾಸಿಸ್ಸಿನಿಂದ. ಹೊಸೂರು, ತಾಳವಾಡಿ ಕಡೆಯ ಹಿರಿಯರಿಗೆ ಹೆರಾಲ್ಡ್ ನೆನಪಿರಬಹುದು. ಬಾನೆಟ್ಟು ರೆಕ್ಕೆಗಳ ಸಮೇತ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಸ್ಪಿಟ್‌ಫೈರಿನಲ್ಲೂ ಹಾಗೆಯೇ.

ಕೊಳ್ಳುವ ಮೊದಲು: ಎಂಜಿನ್ನಲ್ಲ, ತುಕ್ಕು ನೋಡಿ

ಹೊಸಬರು ಮೊದಲು ಎಂಜಿನ್ ಶಬ್ದ ಕೇಳುತ್ತಾರೆ. ಅನುಭವಿಗಳು ಮೊದಲು ನೆಲಕ್ಕೆ ಮೊಣಕಾಲೂರುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಖರ್ಚಿಗೆ ಒಂದು ಮಿತಿ ಇದೆ. ಬಾಡಿ ಕೊಳೆತರೆ ಮಿತಿ ಇಲ್ಲ. ಇಂಗ್ಲೆಂಡಿನಲ್ಲಿ ಮಳೆ ಹೆಚ್ಚು, ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಹಾಕುತ್ತಾರೆ. ಎರಡೂ ಸೇರಿ ಕಬ್ಬಿಣವನ್ನು ತಿನ್ನುತ್ತವೆ.

ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲ ಕೆಳಗಿನ ಹೊಸ್ತಿಲೇ ಇಡೀ ಕಾರನ್ನು ಹಿಡಿದು ನಿಲ್ಲಿಸಿರುತ್ತದೆ. ಹೊರಗೆ ಹೊಸ ಬಣ್ಣ ಮಿಂಚುತ್ತಿದ್ದರೂ ಒಳಗಿನ ಪದರ ಕರಗಿ ಹೋಗಿರಬಹುದು. ಬಾಗಿಲು ಮತ್ತು ಬಾಡಿಯ ನಡುವಿನ ಸಂದು ಮೇಲೆ ಕೆಳಗೆ ಒಂದೇ ಅಗಲ ಇದೆಯೇ ನೋಡಬೇಕು. ಮಾಲೀಕರ ಒಪ್ಪಿಗೆ ಪಡೆದು, ಜಾಕ್ ಕೊಡುವ ಜಾಗದಲ್ಲಿ ನಿಧಾನವಾಗಿ ಎತ್ತಿದಾಗ ಆ ಸಂದು ಕಿರಿದಾದರೆ ಬಾಡಿ ಬಾಗುತ್ತಿದೆ ಎಂದರ್ಥ. ಎತ್ತಿದ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು.

ತೆರೆದ ಕಾರಿನ ಹೊಸ್ತಿಲು ಕತ್ತರಿಸಿ ಹೊಸದು ಬೆಸೆಯುವಾಗ, ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ಬಿಗಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ಕಾರು ನಡುವೆ ಕುಸಿದು, ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಈ ಒಂದು ಮಾತನ್ನು ಕೇಳದೆ ಕಾರು ಹಾಳು ಮಾಡಿಕೊಂಡವರು ಅನೇಕರು.

ಬಾಡಿ ಪೂರ್ತಿ ಹೋಗಿದ್ದರೂ ಎಂಜಿಬಿಗೆ ದಾರಿ ಇದೆ. ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹೊಸ ಬಾಡಿಯನ್ನೇ ಮಾಡಿ ಮಾರತೊಡಗಿತು.

ವಿದ್ಯುತ್ತಿನ ತೊಂದರೆ

ಈ ಕಾರುಗಳ ವಿದ್ಯುತ್ ಸಾಮಾನು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯದು. ನಮ್ಮವರಿಗೆ ಲ್ಯೂಕಾಸ್-ಟಿವಿಎಸ್ ಎಂದರೆ ಗೊತ್ತಾಗುತ್ತದೆ. ಇದನ್ನು ಹಾಸ್ಯ ಮಾಡುವವರು ಬಹಳ. ಆದರೆ ದೀಪ ಮಂಕಾದಾಗ ಹತ್ತರಲ್ಲಿ ಎಂಟು ಸಲ ತಪ್ಪು ದೀಪದ್ದಲ್ಲ, ಅರ್ಥಿಂಗಿನದು. ತಂತಿ ಬಾಡಿಗೆ ಸೇರುವ ಜಾಗ ತುಕ್ಕು ಹಿಡಿದಿರುತ್ತದೆ. ಉಪ್ಪುಕಾಗದದಿಂದ ತಿಕ್ಕಿ ಬಿಗಿ ಮಾಡಿದರೆ ಸರಿಹೋಗುತ್ತದೆ.

ಲ್ಯೂಕಾಸ್ ತಂತಿಯ ಬಣ್ಣಗಳು ನೆನಪಿರಲಿ:

- ಕಂದು: ಬ್ಯಾಟರಿಯಿಂದ ನೇರ, ಯಾವಾಗಲೂ ಕರೆಂಟು
- ನೇರಳೆ: ಯಾವಾಗಲೂ ಕರೆಂಟು, ಫ್ಯೂಸ್ ಮೂಲಕ
- ಬಿಳಿ: ಕೀಲಿ ತಿರುಗಿಸಿದಾಗ ಮಾತ್ರ
- ಹಸಿರು: ಕೀಲಿ ತಿರುಗಿಸಿದಾಗ, ಫ್ಯೂಸ್ ಮೂಲಕ
- ನೀಲಿ: ಮುಂದಿನ ದೊಡ್ಡ ದೀಪ
- ಕೆಂಪು: ಪಕ್ಕದ ಸಣ್ಣ ದೀಪ
- ಕಪ್ಪು: ಅರ್ಥಿಂಗ್

ಇನ್ನೊಂದು ಎಚ್ಚರ. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಈಗಿನ ಕಾರುಗಳಲ್ಲಿ ಮೈನಸ್. ನೋಡದೆ ಹೊಸ ರೇಡಿಯೊ ಜೋಡಿಸಿದರೆ ಸುಟ್ಟುಹೋಗುತ್ತದೆ. ಹಿಂದಿನ ಮಾಲೀಕರು ಬದಲಾಯಿಸಿಯೂ ಇರಬಹುದು. ವರ್ಷ ನಂಬಬೇಡಿ, ಬ್ಯಾಟರಿ ನೋಡಿ. 1972ರ ಕಾರಿನಲ್ಲಿ ಆಸನದ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಎರಡರ ನಡುವಿನ ತಂತಿ ಸಡಿಲವಾದರೂ ಕಾರು ಏಳುವುದಿಲ್ಲ.

ಕಾರ್ಬೊರೇಟರ್, ಪಾನಾ, ಚಕ್ರ, ಪೆಟ್ರೋಲು

ಬಹುಪಾಲು ಕಾರುಗಳಲ್ಲಿ ಎಸ್‌ಯು ಕಾರ್ಬೊರೇಟರ್ ಎರಡಿರುತ್ತವೆ. ಎರಡೂ ಸಮನಾಗಿ ಗಾಳಿ ಎಳೆಯಬೇಕು. ಒಂದು ರಬ್ಬರ್ ಕೊಳವೆಯ ತುದಿ ಕಿವಿಗಿಟ್ಟು, ಇನ್ನೊಂದು ತುದಿ ಕಾರ್ಬೊರೇಟರಿನ ಬಾಯಿಗೆ ಹಿಡಿದು ಎರಡರ ಶಬ್ದ ಹೋಲಿಸಿ ಹೊಂದಿಸುವುದು ಹಳೆಯ ಕ್ರಮ. ಇಂದಿಗೂ ನಡೆಯುತ್ತದೆ. ಮೇಲಿನ ಬುರುಡೆಯಲ್ಲಿ ಸ್ವಲ್ಪ ತೆಳು ಎಣ್ಣೆ ಇರಬೇಕು. ಅದು ಒಣಗಿದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ. ಎಷ್ಟೋ ಜನ ಇದು ತಿಳಿಯದೆ ಹೊಸ ಕಾರ್ಬೊರೇಟರಿಗೆ ಹಣ ಸುರಿದಿದ್ದಾರೆ.

ನಮ್ಮ ಮಿಲಿಮೀಟರ್ ಪಾನಾಗಳು ಇಲ್ಲಿ ನಡೆಯುವುದಿಲ್ಲ. ಎಂಜಿಎ, ಎಂಜಿಬಿಗಳಲ್ಲಿ ಹೆಚ್ಚಿನವು ಇಂಚಿನ ಅಳತೆಯವು. ಹಳೆಯ ಟಿಸಿಯಲ್ಲಿ ಇನ್ನೂ ವಿಚಿತ್ರ: ಎಂಜಿನ್ ಬೋಲ್ಟಿನ ಮರೆ ಮೆಟ್ರಿಕ್, ತಲೆ ವಿಟ್‌ವರ್ತ್ ಅಳತೆ.

ತಂತಿಕಡ್ಡಿಯ ಚಕ್ರಗಳಿದ್ದರೆ ನಡುವಿನ ದೊಡ್ಡ ನಟ್ಟು ಎಡಗಡೆ ಮಾಮೂಲಿ ಮರೆಯದು, ಬಲಗಡೆ ಉಲ್ಟಾ ಮರೆಯದು. ಓಡುವಾಗ ತಾನೇ ಬಿಗಿಯಾಗಲಿ ಎಂದು ಹಾಗೆ ಮಾಡಿದ್ದಾರೆ. ರಿಪೇರಿಯಲ್ಲಿ ಎಡದ ಹಬ್ಬು ಬಲಕ್ಕೆ ಹೋದರೆ ಓಡುವಾಗ ಚಕ್ರವೇ ಕಳಚುತ್ತದೆ.

ಈ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ಆ ಪೆಟ್ರೋಲು ಬ್ರಿಟನ್ನಿನ ಬಂಕುಗಳಲ್ಲಿ 2000ದ ಆರಂಭಕ್ಕೆ ನಿಂತಿತು. ಆದ್ದರಿಂದ ಗಟ್ಟಿ ವಾಲ್ವ್ ಸೀಟು ಕೂರಿಸಿದ್ದಾರೆಯೇ ಕೇಳಬೇಕು. 2021ರಿಂದ ಅಲ್ಲಿ ಸಾಧಾರಣ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳು ಇದರಿಂದ ಮೆತ್ತಗಾಗಿ ಸೋರಿ ಬೆಂಕಿಯ ಅಪಾಯವಿದೆ. ಎಥನಾಲ್ ತಡೆಯುವ ಪೈಪು ಹಾಕಿಸುವುದು ಮೊದಲ ಕೆಲಸವಾಗಬೇಕು.

ಕಾಗದಪತ್ರ

ಗುಮಾಸ್ತನಾಗಿ ಇದನ್ನು ಹೇಳದೆ ಬಿಡಲಾರೆ. ಚಾಸಿಸ್ ನಂಬರು, ಎಂಜಿನ್ ನಂಬರು ದಾಖಲೆಗೆ ಹೊಂದುತ್ತವೆಯೇ ನೋಡಿ. ಗೇಡನ್ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಕಾರ್ಖಾನೆಯ ಮೂಲ ದಾಖಲೆಗಳಿವೆ. ಶುಲ್ಕ ಕಟ್ಟಿದರೆ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಎಲ್ಲಿಗೆ ಹೋಯಿತು ಎಂದು ಪ್ರಮಾಣಪತ್ರ ಕೊಡುತ್ತಾರೆ. ಕಾರ್ಖಾನೆ ಹೋಯಿತು, ರಿಜಿಸ್ಟರು ಉಳಿಯಿತು!

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ಆದರೆ ಅರ್ಜಿ ಹಾಕಬೇಕು. 2018ರ ಮೇ ತಿಂಗಳಿಂದ ಇಂಥ ಕಾರಿಗೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ, ಮೂಲ ರೂಪ ಬಹಳ ಬದಲಾಗಿರಬಾರದು ಅಷ್ಟೇ. ಆದರೂ ಬ್ರೇಕು ಸ್ಟಿಯರಿಂಗನ್ನು ವರ್ಷಕ್ಕೊಮ್ಮೆ ಬೇರೆಯವರಿಂದ ನೋಡಿಸುವುದೇ ಕ್ಷೇಮ.

ಸಲಹೆ ಕೇಳುವುದು, ಸಲಹೆ ಕೊಡುವುದು

ಈಗ ಸದಸ್ಯರ ಪ್ರಶ್ನೆಗೆ ಉತ್ತರ: ಕೆಟ್ಟರೆ ಕೇಳುವವರು ಯಾರು? ಅಂಥದೇ ಕಾರು ಇಟ್ಟುಕೊಂಡಿರುವ ಇನ್ನೊಬ್ಬರು. ಎಂಜಿ ಕಾರ್ ಕ್ಲಬ್ ಶುರುವಾದದ್ದೇ 1930ರಲ್ಲಿ. ಕಾರ್ಖಾನೆ ನಡೆಯುತ್ತಿದ್ದಾಗಲೇ ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಡುವ ರೂಢಿ ಇತ್ತು. ಮುಚ್ಚಿದ ಮೇಲೆ ಆ ರೂಢಿಯೇ ಕಾರ್ಖಾನೆಯ ಜಾಗದಲ್ಲಿ ನಿಂತಿತು.

ಮಗನ ಕಾರು ಕೊಂಡ ವಾರದಲ್ಲೇ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತಿತ್ತಂತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತಿತ್ತು. ಒಬ್ಬರು ಪೆಟ್ರೋಲ್ ಪಂಪು ಎಂದರು, ಇನ್ನೊಬ್ಬರು ಕಾಯಿಲ್ ಎಂದರು. ಒಬ್ಬ ವಯಸ್ಸಾದವರು ಮಾತ್ರ, "ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಬಿಚ್ಚಿ, ಗಾಳಿ ಒಳಗೆ ಎಳೆದ ಸದ್ದು ಬರುತ್ತದೆಯೇ ಹೇಳಿ" ಎಂದರು. ಸದ್ದು ಬಂತು. ಅಮೆರಿಕಕ್ಕೆ ಹೋದ ಕಾರುಗಳಿಗೆ ಗಾಳಿ ಆಡದ ಮುಚ್ಚಳ, ಬ್ರಿಟನ್ನಿನ ಕಾರಿಗೆ ಗಾಳಿ ಆಡುವ ಮುಚ್ಚಳ. ಹಿಂದಿನವರು ತಪ್ಪು ಮುಚ್ಚಳ ಹಾಕಿದ್ದರು. ಮುಚ್ಚಳ ಬದಲಾಯಿಸಿದ ಮೇಲೆ ಕಾರು ನಿಲ್ಲಲಿಲ್ಲ.

ಇದರಿಂದ ತಿಳಿಯುವ ಕೆಲವು ಕ್ರಮಗಳು:

1. ಕೇಳುವಾಗ ಕಾರಿನ ವರ್ಷ, ಚಾಸಿಸ್ ನಂಬರಿನ ಮೊದಲ ಭಾಗ, ಈವರೆಗೆ ಬದಲಾಯಿಸಿದ ಭಾಗಗಳನ್ನು ತಿಳಿಸಿ. "ಕಾರು ಓಡುತ್ತಿಲ್ಲ" ಎಂದಷ್ಟೇ ಬರೆದರೆ ಯಾರೂ ಏನೂ ಹೇಳಲಾರರು.
2. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಐದು ಬದಲಾಯಿಸಿ ಸರಿಹೋದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.
3. ಮೊದಲು ಪರೀಕ್ಷೆ ಹೇಳುವವರನ್ನು ನಂಬಿ. ಭಾಗ ಕೊಳ್ಳಲು ಹೇಳುವವರನ್ನು ಆಮೇಲೆ.
4. ಬ್ರೇಕು, ಸ್ಟಿಯರಿಂಗ್, ಪೆಟ್ರೋಲಿನ ವಿಷಯದಲ್ಲಿ ಯಾರು ಹೇಳಿದರೂ ಕಂಪನಿಯ ಕೈಪಿಡಿ ನೋಡದೆ ಕೈ ಹಾಕಬೇಡಿ. ಸಿಲಿಕೋನ್ ಬ್ರೇಕ್ ದ್ರವವನ್ನು ಮಾಮೂಲಿ ದ್ರವದೊಂದಿಗೆ ಬೆರೆಸಬಾರದು.
5. ಸರಿಹೋದ ಮೇಲೆ ಹಿಂತಿರುಗಿ ಬಂದು, ತಪ್ಪು ಯಾವುದಿತ್ತು ಎಂದು ತಿಳಿಸಿ.

ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಉತ್ತರ ಸಿಕ್ಕಿತು, ಕೆಲಸವಾಯಿತು, ಹೋದರು. ಕಡತದಲ್ಲಿ ಕೊನೆಯ ಟಿಪ್ಪಣಿ ಇಲ್ಲದಿದ್ದರೆ ಮುಂದಿನ ಗುಮಾಸ್ತ ಮೊದಲಿಂದ ಶುರು ಮಾಡಬೇಕಾಗುತ್ತದೆ. ಮುಚ್ಚಳದ ಗುಟ್ಟು ತಿಳಿದವರು ವಯಸ್ಸಾದವರು. ಅವರಿಗೂ ಹಿಂದೆ ಯಾರೋ ಹೇಳಿದ್ದು. ಬರೆದಿಡದಿದ್ದರೆ ಅವರೊಂದಿಗೆ ಅದೂ ಹೋಗುತ್ತದೆ. ಬಿಡಿಭಾಗ ಮತ್ತೆ ಅಚ್ಚು ಹಾಕಬಹುದು, ಅನುಭವವನ್ನು ಅಚ್ಚು ಹಾಕಲಾಗದು.

ನಮ್ಮಲ್ಲಿ ಹಳೆಯ ಕಾರಿದ್ದರೆ

ಸದಸ್ಯರ ಮನೆಗಳಲ್ಲಿ ಹೆರಾಲ್ಡ್ ಅಥವಾ ಹಳೆಯ ಅಂಬಾಸಡರ್ ಕೊಟ್ಟಿಗೆಯಲ್ಲಿ ನಿಂತಿರಬಹುದು. ಗುಜರಿಗೆ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇದ್ದರೆ ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲಿನ ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದು ಬರುತ್ತದೆ. ಈಗಾಗಲೇ ನೋಂದಣಿ ಇರುವ ವಾಹನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಓಡಿಸಬಹುದು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ ಎಲ್ಲ ಕಡೆಯ ಸದಸ್ಯರಿಗೂ ಇದು ಕೇಂದ್ರದ ನಿಯಮ. ಅರ್ಜಿಯನ್ನು ತಮ್ಮ ತಮ್ಮ ರಾಜ್ಯದ ಸಾರಿಗೆ ಇಲಾಖೆಗೆ ಸಲ್ಲಿಸಬೇಕು.

ಹಳೆಯ ಹೆರಾಲ್ಡ್, ಅಂಬಾಸಡರ್ ಬಿಚ್ಚಿ ಕಟ್ಟಿದ ಮೇಸ್ತ್ರಿಗಳು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ, ಅವರ ಬಳಿ ಕುಳಿತು ನಾಲ್ಕು ಮಾತು ಕನ್ನಡದಲ್ಲಿ ಬರೆದು ಕಳುಹಿಸಿ. ಈ ಪುಟದಲ್ಲಿ ಪ್ರಕಟಿಸುತ್ತೇವೆ.

ಮೇಲೆ ಹೇಳಿದ ಸದಸ್ಯರಿಗೆ ಒಂದು ಮಾತು: ಮಗ ದುಡ್ಡು ನೀರಿಗೆ ಹಾಕಿಲ್ಲ. ಹೊಸ್ತಿಲು ಗಟ್ಟಿ ಇದೆಯೇ ಎಂದು ಮಾತ್ರ ಫೋನಿನಲ್ಲಿ ಕೇಳಿನೋಡಿ.

— ಕಾರ್ಯದರ್ಶಿ