ಮುದ್ರಿತ ಲೇಬಲ್‌ನಲ್ಲಿ ಚಿತ್ರ: ಅಳತೆ ತಪ್ಪಿದರೆ ಹಾಳೆ ವ್ಯರ್ಥ

ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ತಯಾರಿಸಿ ಮಾರುವವರಿಗೆ ಸರಕಿನಷ್ಟೇ ಮುಖ್ಯವಾದುದು ಅದರ ಮೇಲಿನ ಲೇಬಲ್. ಕೆಲವೇ ನೂರು ಲೇಬಲ್‌ಗಳಿಗಾಗಿ ಮುದ್ರಣಾಲಯದ ಮೊರೆ ಹೋಗುವುದು ದುಬಾರಿ. ಆದ್ದರಿಂದ ಮೈಕ್ರೋಸಾಫ್ಟ್ ವರ್ಡ್‌ನಂತಹ ಪದಸಂಸ್ಕರಣ ತಂತ್ರಾಂಶದಲ್ಲಿ ತಾವೇ ಲೇಬಲ್ ರೂಪಿಸಿ, ಅಂಟು ಲೇಪಿಸಿದ ಎ4 ಹಾಳೆಗಳ ಮೇಲೆ ಮುದ್ರಿಸಿಕೊಳ್ಳುವವರು ಅನೇಕರಿದ್ದಾರೆ. ಅಕ್ಷರಗಳಷ್ಟೇ ಇದ್ದಾಗ ಸುಗಮವಾಗಿ ಸಾಗುವ ಈ ಕೆಲಸ, ಲಾಂಛನವನ್ನೋ ಮಾವಿನ ಚಿತ್ರವನ್ನೋ ಸೇರಿಸಿದೊಡನೆ ಹದ ತಪ್ಪುವುದುಂಟು. ಚಿತ್ರ ಪಕ್ಕದ ಲೇಬಲ್‌ಗೆ ಜಾರುತ್ತದೆ, ಅರ್ಧ ಕತ್ತರಿಸಿಹೋಗುತ್ತದೆ ಅಥವಾ ಮಸುಕಾಗಿ ಮೂಡುತ್ತದೆ.

ಲೇಬಲ್ ಹಾಳೆ ಎಂದರೆ ಕೋಷ್ಟಕ

ಪರದೆಯ ಮೇಲೆ ಕಾಣುವ ಲೇಬಲ್ ಹಾಳೆ ವಾಸ್ತವದಲ್ಲಿ ಗೆರೆಗಳನ್ನು ಮರೆಮಾಡಿದ ಒಂದು ಕೋಷ್ಟಕ. ಪ್ರತಿ ಲೇಬಲ್ ಅದರ ಒಂದೊಂದು ಕೋಶ. ಇದನ್ನು ಅರಿತರೆ ಬಹುತೇಕ ತೊಡಕುಗಳಿಗೆ ಪರಿಹಾರ ಸಿಗುತ್ತದೆ.

ವರ್ಡ್‌ನ 'ಮೇಲಿಂಗ್ಸ್' ವಿಭಾಗದಲ್ಲಿ 'ಲೇಬಲ್ಸ್' ಆಯ್ದು, 'ಆಪ್ಷನ್ಸ್' ಮೂಲಕ ಹಾಳೆಯ ತಯಾರಕರ ಹೆಸರು ಹಾಗೂ ಸಂಖ್ಯೆಯನ್ನು ಸೂಚಿಸಬೇಕು. ವಿಳಾಸದ ಜಾಗವನ್ನು ಖಾಲಿ ಬಿಟ್ಟು 'ನ್ಯೂ ಡಾಕ್ಯುಮೆಂಟ್' ಒತ್ತಿದರೆ ಖಾಲಿ ಕೋಷ್ಟಕ ಸಿದ್ಧ. 'ವ್ಯೂ ಗ್ರಿಡ್‌ಲೈನ್ಸ್' ಆಯ್ಕೆಯಿಂದ ಗೆರೆಗಳು ಗೋಚರಿಸುತ್ತವೆ.

ಇಲ್ಲಿ ಆಗುವ ಸಾಮಾನ್ಯ ಪ್ರಮಾದವೆಂದರೆ ಅಮೆರಿಕದ 'ಲೆಟರ್' ಅಳತೆಯ ಲೇಬಲ್ ಆಯ್ಕೆ ಮಾಡುವುದು. ಆ ಹಾಳೆಯ ಅಳತೆ 215.9 x 279.4 ಮಿ.ಮೀ. ನಮ್ಮಲ್ಲಿ ಬಳಕೆಯಲ್ಲಿರುವ ಎ4 ಅಳತೆ 210 x 297 ಮಿ.ಮೀ. ಪಟ್ಟಿಯಲ್ಲಿ ಸೂಕ್ತ ಸಂಖ್ಯೆ ಇಲ್ಲದಿದ್ದರೆ 'ನ್ಯೂ ಲೇಬಲ್' ಮೂಲಕ ಅಳತೆಗಳನ್ನು ತಾವೇ ನಮೂದಿಸಬಹುದು. ಉದಾಹರಣೆಗೆ, ಎ4 ಹಾಳೆಯಲ್ಲಿ 21 ಲೇಬಲ್‌ಗಳಿರುವ ಪ್ರಚಲಿತ ಮಾದರಿಯಲ್ಲಿ ಒಂದೊಂದರ ಅಳತೆ 63.5 x 38.1 ಮಿ.ಮೀ.

ಚಿತ್ರವನ್ನು ಅಕ್ಷರದಂತೆ ಕೂರಿಸಿ

ಮೊದಲ ಕೋಶದಲ್ಲಿ ಕರ್ಸರ್ ಇರಿಸಿ, 'ಇನ್ಸರ್ಟ್' ವಿಭಾಗದಿಂದ ಚಿತ್ರವನ್ನು ಸೇರಿಸಬೇಕು. ಅದರ 'ರ‍್ಯಾಪ್ ಟೆಕ್ಸ್ಟ್' ಆಯ್ಕೆ 'ಇನ್ ಲೈನ್ ವಿತ್ ಟೆಕ್ಸ್ಟ್' ಆಗಿರಲಿ. ಆಗ ಚಿತ್ರವು ಒಂದು ದೊಡ್ಡ ಅಕ್ಷರದಂತೆ ತನ್ನ ಕೋಶದಲ್ಲೇ ಉಳಿಯುತ್ತದೆ. ಚಿತ್ರದ ಪಕ್ಕದಲ್ಲಿ ಬರಹ ಬೇಕಿದ್ದರೆ ಕೋಶದೊಳಗೇ ಒಂದು ಅಡ್ಡಸಾಲು, ಎರಡು ಕಂಬಸಾಲುಗಳ ಪುಟ್ಟ ಕೋಷ್ಟಕ ರಚಿಸಿ, ಎಡಕ್ಕೆ ಚಿತ್ರ, ಬಲಕ್ಕೆ ಬರಹ ಇರಿಸಬಹುದು.

ಚಿತ್ರದ ಒಂದು ಪಟ್ಟಿ ಮಾತ್ರ ಕಂಡರೆ ಗಾಬರಿಪಡಬೇಕಿಲ್ಲ. ಸಾಲುಗಳ ಅಂತರವು 'ಎಕ್ಸಾಕ್ಟ್‌ಲಿ' ಎಂದಿರುವುದೇ ಇದಕ್ಕೆ ಕಾರಣ. ಅದನ್ನು 'ಸಿಂಗಲ್'ಗೆ ಬದಲಿಸಬೇಕು. ಕೋಶವೇ ಹಿಗ್ಗಿ ಉಳಿದವನ್ನು ತಳ್ಳುತ್ತಿದ್ದರೆ ಕೋಷ್ಟಕದ ಆಯ್ಕೆಗಳಲ್ಲಿ 'ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್' ಎಂಬುದರ ಗುರುತು ತೆಗೆಯಬೇಕು.

ಮೊದಲ ಲೇಬಲ್ ಸಿದ್ಧವಾದ ಬಳಿಕ ಅದರೊಳಗಿನ ಚಿತ್ರ ಮತ್ತು ಬರಹವನ್ನು ಮಾತ್ರ ನಕಲಿಸಿ ಉಳಿದ ಕೋಶಗಳಲ್ಲಿ ಅಂಟಿಸಬೇಕು. ಇಡೀ ಅಡ್ಡಸಾಲನ್ನೇ ನಕಲಿಸಿದರೆ ಕೋಷ್ಟಕ ಬೆಳೆದು ಎರಡನೆಯ ಪುಟಕ್ಕೆ ಹರಿಯುತ್ತದೆ. ಬೇರೆ ಬೇರೆ ವಿಳಾಸಗಳ ಲೇಬಲ್ ಆದರೆ 'ಮೇಲ್ ಮರ್ಜ್' ಅನುಕೂಲಕರ. ಮೊದಲ ಕೋಶದಲ್ಲಿ ಚಿತ್ರವನ್ನೂ ವಿಳಾಸದ ಅಂಶಗಳನ್ನೂ ಜೋಡಿಸಿ 'ಅಪ್‌ಡೇಟ್ ಲೇಬಲ್ಸ್' ಒತ್ತಿದರೆ ಅವು ಎಲ್ಲ ಕೋಶಗಳಿಗೂ ಹರಡುತ್ತವೆ. ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಹೊಸ ಲೇಬಲ್ ರಚಿಸುವಾಗ 'ಸಿಂಕ್ರೊನೈಸ್ ಕಂಟೆಂಟ್ಸ್' ಗುರುತಿಸಿಕೊಂಡರೆ ಇದೇ ಕೆಲಸಕ್ಕೆ ಒಂದು ಗುಂಡಿ ದೊರೆಯುತ್ತದೆ.

ಎಷ್ಟು ಪಿಕ್ಸೆಲ್ ಬೇಕು?

ಸ್ಪಷ್ಟ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಇರುವುದು ಒಳಿತು. ಒಂದು ಅಂಗುಲವೆಂದರೆ 25.4 ಮಿ.ಮೀ. ಮೇಲಿನ ಲೇಬಲ್ ಪೂರ್ತಿ ತುಂಬುವ ಚಿತ್ರಕ್ಕೆ 750 x 450 ಪಿಕ್ಸೆಲ್ ಸಾಕು, 15 ಮಿ.ಮೀ. ಅಗಲದ ಲಾಂಛನಕ್ಕೆ ಸುಮಾರು 180 ಪಿಕ್ಸೆಲ್ ಅಗಲವಿದ್ದರೆ ಸಾಲುತ್ತದೆ. ಇದಕ್ಕಿಂತ ಚಿಕ್ಕ ಚಿತ್ರವನ್ನು ಎಳೆದು ಹಿಗ್ಗಿಸಿದರೆ ಅಂಚುಗಳು ಒರಟಾಗುತ್ತವೆ. ಕಡತ ಉಳಿಸುವಾಗ ವರ್ಡ್ ಚಿತ್ರಗಳನ್ನು ಕುಗ್ಗಿಸುವುದುಂಟು. 'ಆಪ್ಷನ್ಸ್'ನ 'ಅಡ್ವಾನ್ಸ್‌ಡ್' ಭಾಗದಲ್ಲಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಗುರುತಿಸಿ ಇದನ್ನು ತಡೆಯಬಹುದು.

ಹಸಿರು ಚಿಹ್ನೆ ಅಲಂಕಾರವಲ್ಲ

ಆಹಾರ ಪೊಟ್ಟಣದ ಮೇಲಿನ ಎಲ್ಲ ಚಿತ್ರಗಳೂ ಅಂದಕ್ಕಾಗಿ ಇರುವುದಿಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ, ಸಸ್ಯಾಹಾರದ ಚಿಹ್ನೆಯು ಹಸಿರು ಅಂಚಿನ ಚೌಕದೊಳಗಿನ ಹಸಿರು ವೃತ್ತ. ಮಾಂಸಾಹಾರದ್ದು ಕಂದು ಅಂಚಿನ ಚೌಕದೊಳಗಿನ ಕಂದು ತ್ರಿಕೋನ. ಪೊಟ್ಟಣದ ಮುಖ್ಯ ಪ್ರದರ್ಶನ ಭಾಗ 100 ಚದರ ಸೆಂ.ಮೀ. ವರೆಗೆ ಇದ್ದರೆ ಹಸಿರು ವೃತ್ತದ ವ್ಯಾಸ ಕನಿಷ್ಠ 3 ಮಿ.ಮೀ. ಇರಬೇಕು, ಚೌಕದ ಬಾಹು ಅದರ ಎರಡರಷ್ಟಕ್ಕಿಂತ ಕಡಿಮೆ ಇರಕೂಡದು. ಬರಹಕ್ಕೆ ಜಾಗ ಸಾಲದೆಂದು ಈ ಚಿತ್ರವನ್ನು ಕುಗ್ಗಿಸಿದರೆ ಲೇಬಲ್ ನಿಯಮಬಾಹಿರವಾಗುತ್ತದೆ. ಕಪ್ಪು-ಬಿಳುಪು ಲೇಸರ್ ಪ್ರಿಂಟರ್‌ನಲ್ಲಿ ಹಸಿರು ಬೂದುಬಣ್ಣವಾಗಿ ಮೂಡುವುದರಿಂದ ಅದು ಈ ಕೆಲಸಕ್ಕೆ ಒದಗದು. ಪರವಾನಗಿ ಅಥವಾ ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನು ಚಿತ್ರದಲ್ಲಿ ಬೆರೆಸದೆ ಅಕ್ಷರರೂಪದಲ್ಲೇ ಟೈಪಿಸಿದರೆ ಸ್ಪಷ್ಟವಾಗಿರುತ್ತದೆ.

ಮುದ್ರಿಸುವ ಮುನ್ನ

ಮುದ್ರಣದ ಆಯ್ಕೆಗಳಲ್ಲಿ 'ನೋ ಸ್ಕೇಲಿಂಗ್' ಇರಲಿ. ಪುಟ ಶೇ. 3ರಷ್ಟು ಕುಗ್ಗಿದರೂ 21 ಲೇಬಲ್‌ಗಳ ಹಾಳೆಯ ಮೇಲಿನ ಅಂಚಿಗೂ ಕೊನೆಯ ಸಾಲಿನ ತಳಕ್ಕೂ ನಡುವೆ 8 ಮಿ.ಮೀ. ವ್ಯತ್ಯಾಸವಾಗುತ್ತದೆ. ಮೊದಲು ಸಾದಾ ಹಾಳೆಯಲ್ಲಿ ಮುದ್ರಿಸಿ, ಲೇಬಲ್ ಹಾಳೆಯ ಮೇಲಿರಿಸಿ ಬೆಳಕಿಗೆ ಹಿಡಿದು ನೋಡಿದರೆ ಹೊಂದಾಣಿಕೆ ತಿಳಿಯುತ್ತದೆ.

ಇಂಕ್‌ಜೆಟ್‌ಗೆಂದೇ ತಯಾರಾದ ಹಾಳೆಯನ್ನು ಲೇಸರ್ ಪ್ರಿಂಟರ್‌ಗೆ ಹಾಕಬಾರದು. ಒಳಗಿನ ಶಾಖಕ್ಕೆ ಅದು ಹಾಳಾಗಬಹುದು. ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡುವುದರಿಂದ ಉಪ್ಪಿನಕಾಯಿ ಬಾಟಲಿಗೆ ಲೇಸರ್ ಮುದ್ರಣವೇ ಲೇಸು. ಕೆಲವು ಲೇಬಲ್ ಕಿತ್ತ ಹಾಳೆಯನ್ನು ಮತ್ತೆ ಪ್ರಿಂಟರ್‌ಗೆ ಕೊಡಬಾರದು. ಉಳಿದ ಲೇಬಲ್‌ಗಳು ಒಳಗೆ ಬಿಚ್ಚಿಕೊಂಡು ಯಂತ್ರಕ್ಕೆ ಅಂಟಿದರೆ ಉಳಿಸಿದ ಹಾಳೆಯ ಬೆಲೆಗಿಂತ ದುರಸ್ತಿಯ ವೆಚ್ಚವೇ ಹೆಚ್ಚಾಗುತ್ತದೆ.