ಸೂರ್ಯನಿಲ್ಲದ ಮೂರು ದಿನಗಳು

ಬೈಬಲ್ಲಿನ ಆದಿಕಾಂಡದಲ್ಲಿ ಸೂರ್ಯ ಚಂದ್ರರು ಹುಟ್ಟುವುದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನ ಸಂಜೆ, ಬೆಳಗು ಆದದ್ದು ಹೇಗೆ? ಇದು ಈಗಿನ ನಾಸ್ತಿಕರ ತರಲೆ ಪ್ರಶ್ನೆ ಅಂದುಕೊಂಡಿರಾ? ಅಲ್ಲವೇ ಅಲ್ಲ. ಮೂರನೆಯ ಶತಮಾನದಲ್ಲೇ ಇದನ್ನು ಕೇಳಿದವನು ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಜೆನ್. ದೇವರು ರೈತನ ಹಾಗೆ ತೋಟ ಮಾಡಿ ಗಿಡ ನೆಟ್ಟ ಅಂತ ಯಾರು ನಂಬುತ್ತಾರೆ ಎಂದೂ ಕೇಳಿದ್ದ!

ಅವನ ಉತ್ತರ ಇನ್ನೂ ಮಜವಾಗಿದೆ. ಓದುವವರು ಎಡವಲಿ, ಎಡವಿ ಒಳಗಿನ ಅರ್ಥ ಹುಡುಕಲಿ ಅಂತ ಇಂಥ ಕಲ್ಲುಗಳನ್ನು ದೇವರೇ ಇಟ್ಟಿದ್ದಾನಂತೆ. ಇದು ಬರೀ ಜಾಣತನವಲ್ಲ. ಅವನಿಗಿಂತ ಮೊದಲು, 144ರ ಸುಮಾರಿಗೆ, ರೋಮ್‌ನ ಸಭೆಯಿಂದ ಹೊರಬಿದ್ದ ಮಾರ್ಸಿಯನ್ ಹಳೆಯ ಒಡಂಬಡಿಕೆಯನ್ನು ಇದ್ದದ್ದು ಇದ್ದ ಹಾಗೇ ಓದಿ, ಈ ಕೋಪಿಷ್ಠ ದೇವರು ನಮ್ಮವನಲ್ಲ ಅಂತ ಇಡೀ ಗ್ರಂಥವನ್ನೇ ಬಿಸಾಡಿದ್ದ. ರೂಪಕವಾಗಿ ಓದದಿದ್ದರೆ ಗ್ರಂಥವೇ ಕೈತಪ್ಪುತ್ತದೆ ಅನ್ನುವ ಭಯ ಒರಿಜೆನ್‌ನದು. ಗ್ರೀಕರು ಹೋಮರನನ್ನು, ಯೆಹೂದಿ ಚಿಂತಕ ಫಿಲೋ ಮೋಶೆಯನ್ನು ಆಗಲೇ ಹೀಗೆ ಓದಿ ದಾರಿ ಹಾಕಿಕೊಟ್ಟಿದ್ದರು.

ಆದರೆ ಒಳ ಅರ್ಥಕ್ಕೆ ಕಡಿವಾಣ ಹಾಕುವವರು ಯಾರು? ಒಳ್ಳೆಯ ಸಮಾರ್ಯದವನ ಕಥೆಯನ್ನೇ ನೋಡಿ. ಗಾಯಗೊಂಡವನ ಆರೈಕೆಗೆ ಅವನು ಛತ್ರದವನ ಕೈಗೆ ಎರಡು ನಾಣ್ಯ ಕೊಡುತ್ತಾನೆ. ಒರಿಜೆನ್‌ಗೆ ಅವು ತಂದೆ ಮತ್ತು ಮಗನ ಕುರಿತ ಜ್ಞಾನ. ಮುಂದೆ ಆಗಸ್ಟೀನ್‌ಗೆ ಅವೇ ನಾಣ್ಯಗಳು ಪ್ರೀತಿಯ ಎರಡು ಆಜ್ಞೆಗಳು!

ಆಂಟಿಯೋಕ್‌ನ ಪಂಡಿತರು ಸಿಟ್ಟಾದದ್ದು ಇಂಥದ್ದಕ್ಕೇ. ಅವರಲ್ಲಿ ಮುಖ್ಯನಾದವನು ಮೊಪ್ಸುವೆಸ್ಟಿಯದ ಬಿಷಪ್ ಥಿಯೊಡೋರ್. ಆದಾಮ ಆದಾಮನಲ್ಲ, ಹಾವು ಹಾವಲ್ಲ ಅಂತ ಹೇಳುತ್ತಾ ಹೋದರೆ ಕೊನೆಗೆ ಉಳಿಯುವುದೇನು ಅನ್ನುವುದು ಅವನ ವಾದ. ಬಿದ್ದವನೇ ಇಲ್ಲದಿದ್ದರೆ ಕ್ರಿಸ್ತ ಎತ್ತಲು ಬಂದದ್ದು ಯಾರನ್ನು? ಪೌಲನೂ ಸಾರಾ, ಹಾಗರರನ್ನು ರೂಪಕವಾಗಿ ಬಳಸಿದ್ದಾನಲ್ಲ ಅಂದರೆ, ನಡೆದ ಸಂಗತಿ ಅಂತ ಒಪ್ಪಿಕೊಂಡೇ ಅವನು ಹೋಲಿಸಿದ್ದು ಅಂತ ಥಿಯೊಡೋರ್ ತಿರುಗೇಟು ಕೊಟ್ಟ.

ಇಬ್ಬರ ಗುರಿಯೂ ಒಂದೇ, ಗ್ರಂಥವನ್ನು ಉಳಿಸಿಕೊಳ್ಳುವುದು. ಜನ ಅದನ್ನು ಬಿಸಾಡಿಯಾರು ಅನ್ನುವ ಭಯ ಒಬ್ಬನದು, ಅದರ ಬಾಯಲ್ಲಿ ಏನು ಬೇಕಾದರೂ ಹೇಳಿಸಿಯಾರು ಅನ್ನುವ ಭಯ ಇನ್ನೊಬ್ಬನದು. ಆಗಸ್ಟೀನ್‌ಗಂತೂ ಎರಡೂ ಬೇಕಾದವು. ಮಿಲಾನ್‌ನಲ್ಲಿ ಆಂಬ್ರೋಸನ ರೂಪಕದ ಪ್ರವಚನ ಕೇಳಿದ ಮೇಲೇ ಅವನಿಗೆ ಹಳೆಯ ಒಡಂಬಡಿಕೆಯ ಬಗ್ಗೆ ಇದ್ದ ತಾತ್ಸಾರ ಹೋದದ್ದು. ಅದೇ ಆಗಸ್ಟೀನ್ ಆಮೇಲೆ ಆದಿಕಾಂಡದ ಅಕ್ಷರಶಃ ಅರ್ಥದ ಮೇಲೆ ವರ್ಷಗಟ್ಟಲೆ ಕೂತು ದೊಡ್ಡ ಗ್ರಂಥ ಬರೆದ.

ಇನ್ನು ಆ ಇಬ್ಬರ ಗತಿ? 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆಯ ಶಾಪದ ಪಟ್ಟಿಯಲ್ಲಿ ಒರಿಜೆನ್ ಹೆಸರೂ ಇದೆ, ಥಿಯೊಡೋರ್ ಹೆಸರೂ ಇದೆ. ಒಬ್ಬ ಸತ್ತು ಸುಮಾರು 300 ವರ್ಷ, ಇನ್ನೊಬ್ಬ ಸತ್ತು 125 ವರ್ಷ ಕಳೆದಿತ್ತು. ಆರೋಪ ಓದುವ ಕ್ರಮದ ಮೇಲಲ್ಲ, ಸಿದ್ಧಾಂತಗಳ ಮೇಲೆ. ಆದರೂ ಜೀವಮಾನವಿಡೀ ಶ್ರದ್ಧೆಯಿಂದ ಓದಿದವರಿಬ್ಬರು ಒಂದೇ ಪಟ್ಟಿಯಲ್ಲಿ!

ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಶ್ನೆ ಕೇಳುವ ಧೈರ್ಯ ಒರಿಜೆನ್‌ನಿಂದ ಕಲಿಯಬೇಕು, ಉತ್ತರ ಹೇಳುವಾಗಿನ ಸಂಕೋಚ ಥಿಯೊಡೋರ್‌ನಿಂದ. ನೀವೇನಂತೀರಿ?